ಪ್ರಯೋಗ ಎಲ್ಲಿ ನಡೆಯಿತು? ಮನೋವಿಜ್ಞಾನದ ಇತಿಹಾಸದಲ್ಲಿ ಜಾಗದ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)



ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗೋ ದಾರಿ ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು. ಬೊಟಾನಿಕಲ್ ಗಾರ್ಡನ್ ನೋಡಿರ್ತೀರಿ. ಅದರ ಮೇಲಿನ ಗುಡ್ಡದಲ್ಲಿ ತೋಡರ ಒಂದು ಹಟ್ಟಿ ಇದೆ, ಅರ್ಧ ಪೀಪಾಯಿಯನ್ನು ಬೋರಲು ಹಾಕಿದ ಹಾಗೆ ಕಾಣುವ ಗುಡಿಸಲು. ಫೋಟೋ ತೆಗೆದುಕೊಂಡು ಇಳಿದು ಬರ್ತೀವಿ.

1901-02ರಲ್ಲಿ ಇದೇ ನೀಲಗಿರಿಗೆ ಇಂಗ್ಲೆಂಡಿನಿಂದ ಒಬ್ಬರು ಬಂದರು. ಹೆಸರು ಡಬ್ಲ್ಯು. ಎಚ್. ಆರ್. ರಿವರ್ಸ್. ವೃತ್ತಿಯಿಂದ ವೈದ್ಯರು, ಕೇಂಬ್ರಿಡ್ಜ್‌ನಲ್ಲಿ ಪ್ರಯೋಗಾತ್ಮಕ ಮನೋವಿಜ್ಞಾನ ಕಲಿಸುತ್ತಿದ್ದವರು. ಅವರು ತೋಡರ ಮುಂದೆ ಗೆರೆಗಳ ಚಿತ್ರ ಹಿಡಿದು ಕೇಳಿದರು, ಈ ಎರಡು ಗೆರೆಗಳಲ್ಲಿ ಯಾವುದು ಉದ್ದ?

ಕೇಂಬ್ರಿಡ್ಜ್‌ನಲ್ಲಿ ಲ್ಯಾಬ್ ಇತ್ತು, ವಿದ್ಯಾರ್ಥಿಗಳಿದ್ದರು, ಮೇಜಿತ್ತು. ಅದನ್ನೆಲ್ಲ ಬಿಟ್ಟು ಇಷ್ಟು ದೂರ ಯಾಕೆ ಬಂದರು? ಬಂದಿದ್ದರಿಂದ ಸಿಕ್ಕಿದ್ದೇನು, ಕಳೆದುಕೊಂಡಿದ್ದೇನು?

ಇದನ್ನು ಇವತ್ತು ಎತ್ತಿಕೊಳ್ಳೋಕೆ ಒಂದು ಕಾರಣ ಇದೆ. ಮನೋವಿಜ್ಞಾನದಲ್ಲಿ ಸಂಶೋಧನೆಗೆ ಹೊರಟಿರುವ ಕೇಳುಗರೊಬ್ಬರು ಹೀಗೆ ಬರೆದಿದ್ದರು: ಕಾಲೇಜಿನ ಲ್ಯಾಬಲ್ಲೇ ಮಾಡಲಾ, ನಮ್ಮ ಊರಿಗೆ ಹೋಗಿ ಮಾಡಲಾ, ಇಲ್ಲಾ ಫೋನಿಗೆ ಫಾರಂ ಕಳಿಸಿ ಮುಗಿಸಲಾ? ಪ್ರಶ್ನೆ ಚಿಕ್ಕದು. ಆದರೆ ಈ ವಿಜ್ಞಾನದ ಸುಮಾರು 150 ವರ್ಷಗಳ ಜಗಳವೆಲ್ಲ ಅದರೊಳಗೆ ಕೂತಿದೆ.

ಲೈಪ್‌ಜಿಗ್‌ನ ಕೊಠಡಿ

ಕಥೆ ಸಾಮಾನ್ಯವಾಗಿ 1879ರಿಂದ ಶುರುವಾಗುತ್ತೆ. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ವಿಲ್‌ಹೆಲ್ಮ್ ವುಂಟ್ ಒಂದು ಪ್ರಯೋಗಾಲಯ ತೆರೆದರು. ದೀಪ ಹೊತ್ತಿದಾಗ ಅಥವಾ ಸದ್ದು ಕೇಳಿದಾಗ ಮನುಷ್ಯ ಗುಂಡಿ ಒತ್ತೋಕೆ ಎಷ್ಟು ಸಮಯ ಬೇಕು ಅನ್ನೋದನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಲ್ಲಿ ಅಳೆಯುತ್ತಿದ್ದರು. ಅಳೆಯುವವರು ವುಂಟ್ ಅವರ ವಿದ್ಯಾರ್ಥಿಗಳು. ಅಳೆಸಿಕೊಳ್ಳುವವರು ಯಾರು? ಅವರೂ ಅದೇ ವಿದ್ಯಾರ್ಥಿಗಳು. ಇವತ್ತು ನೀನು ಕೂರು, ನಾಳೆ ನಾನು ಕೂರ್ತೀನಿ, ಹಾಗೆ.

ಲ್ಯಾಬ್ ಕೊಡುವ ಲಾಭ ಹಿಡಿತ. ಗಾಳಿ, ಬೆಳಕು, ಸದ್ದು, ಸಮಯ ಎಲ್ಲ ನಮ್ಮ ಕೈಯಲ್ಲಿ. ಮೂರು ಸಲ ಮಾಡಿದ್ದನ್ನು ಮುನ್ನೂರು ಸಲ ಮಾಡಬಹುದು. ಬೇರೆ ಊರಿನ ಇನ್ನೊಬ್ಬರು ಅದನ್ನೇ ಮತ್ತೆ ಮಾಡಿ ನೋಡಬಹುದು. ಮನಸ್ಸಿನ ಬಗ್ಗೆ ಬರೀ ತರ್ಕ ಮಾಡುತ್ತಿದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಕೊಠಡಿಗೆ ಏನು ಬರೋದಿಲ್ಲ ಅನ್ನೋದು ಸ್ವತಃ ವುಂಟ್‌ಗೇ ಗೊತ್ತಿತ್ತು. ಭಾಷೆ, ಪುರಾಣ, ಸಂಪ್ರದಾಯ, ಇವನ್ನೆಲ್ಲ ಗುಂಡಿ ಒತ್ತಿಸಿ ಅಳೆಯೋಕಾಗಲ್ಲ ಅಂತ ಅವರು ಹೇಳುತ್ತಿದ್ದರು. 1900ರಿಂದ 1920ರವರೆಗೆ, ಬದುಕಿನ ಕೊನೆಯ 20 ವರ್ಷ, ಜನಾಂಗಗಳ ಮನೋವಿಜ್ಞಾನದ ಬಗ್ಗೆ 10 ಸಂಪುಟ ಬರೆದರು. ಲ್ಯಾಬ್ ಕಟ್ಟಿದ ಮನುಷ್ಯನೇ ಲ್ಯಾಬಿನ ಹೊರಗೂ ಒಂದು ಬಾಗಿಲು ಇಟ್ಟಿದ್ದರು. ನಂತರ ಬಂದ ಬಹಳಷ್ಟು ಜನ ಕೊಠಡಿಯನ್ನು ನೆನಪಿಟ್ಟುಕೊಂಡರು, ಬಾಗಿಲನ್ನು ಮರೆತರು.

ದ್ವೀಪ, ಆಮೇಲೆ ನೀಲಗಿರಿ

ಈಗ ರಿವರ್ಸ್ ಕಥೆಗೆ ಬರೋಣ. ಅವರು ನೀಲಗಿರಿಗೆ ಬರುವ ಮೊದಲೇ, 1898ರಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ನಡುವಿನ ಟಾರೆಸ್ ಜಲಸಂಧಿಗೆ ಕೇಂಬ್ರಿಡ್ಜ್‌ನಿಂದ ಒಂದು ತಂಡ ಹೊರಟಿತ್ತು. ನಾಯಕರು ಆಲ್‌ಫ್ರೆಡ್ ಹ್ಯಾಡನ್. ಜೊತೆಗೆ ರಿವರ್ಸ್, ಮೈಯರ್ಸ್, ಮೆಕ್‌ಡೂಗಲ್ ಮೊದಲಾದವರು. ಮರ್ರೆ ಎಂಬ ಪುಟ್ಟ ದ್ವೀಪದಲ್ಲಿ ಇಳಿದು, ಪೆಟ್ಟಿಗೆಯಲ್ಲಿ ತಂದ ಉಪಕರಣಗಳನ್ನು ಜೋಡಿಸಿ ಅಲ್ಲೇ ಲ್ಯಾಬ್ ಮಾಡಿಕೊಂಡರು.

ಯಾಕೆ ಹೋದರು ಅಂದ್ರೆ, ಆ ಕಾಲದ ಯುರೋಪಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು. 'ಅನಾಗರಿಕ' ಜನರ ಕಣ್ಣು, ಕಿವಿ ವಿಪರೀತ ಚುರುಕು, ಶಕ್ತಿಯೆಲ್ಲ ಅಲ್ಲೇ ಖರ್ಚಾಗುವುದರಿಂದ ಬುದ್ಧಿ ಬೆಳೆಯಲ್ಲ ಅಂತ. ಪ್ರವಾಸಿಗರ ಕಥೆಗಳೇ ಇದಕ್ಕೆ ಆಧಾರ. ಕೇಂಬ್ರಿಡ್ಜ್‌ನಲ್ಲಿ ಕೂತು ಇದನ್ನು ಪರೀಕ್ಷೆ ಮಾಡೋದು ಹೇಗೆ? ಅಲ್ಲಿಗೇ ಹೋಗಬೇಕು.

ಹೋಗಿ ಅಳೆದಾಗ ನಂಬಿಕೆ ಅಲುಗಾಡಿತು. ದ್ವೀಪದವರ ದೃಷ್ಟಿ ಚೆನ್ನಾಗಿತ್ತು, ಆದರೆ ಪವಾಡ ಅನ್ನುವಂಥದ್ದೇನೂ ಇರಲಿಲ್ಲ. ದೂರದ ದೋಣಿಯನ್ನು ಅವರು ಮೊದಲು ಗುರುತಿಸುತ್ತಿದ್ದುದಕ್ಕೆ ಬಹುಮಟ್ಟಿಗೆ ಅಭ್ಯಾಸ ಕಾರಣ. ಯಾವುದನ್ನು ಎಲ್ಲಿ ನೋಡಬೇಕು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ನಮ್ಮ ಮೀನುಗಾರರಿಗೆ ಸಮುದ್ರದ ಬಣ್ಣ ನೋಡಿ ಮೀನಿನ ಗುಂಪು ಎಲ್ಲಿದೆ ಅಂತ ತಿಳಿಯುತ್ತಲ್ಲ, ಹಾಗೆ.

ಇನ್ನೊಂದು ಫಲಿತಾಂಶ ಯಾರೂ ಊಹಿಸದ್ದು. ಮನೋವಿಜ್ಞಾನದ ಪುಸ್ತಕಗಳಲ್ಲಿ ಒಂದು ಪ್ರಸಿದ್ಧ ಚಿತ್ರ ಇದೆ, ಮ್ಯುಲ್ಲರ್-ಲಯರ್ ಭ್ರಮೆ ಅಂತ. ಒಂದೇ ಉದ್ದದ ಎರಡು ಗೆರೆ. ಒಂದರ ತುದಿಗಳಲ್ಲಿ ಬಾಣದ ತಲೆ ಒಳಮುಖ ಬಾಗಿರುತ್ತೆ, ಇನ್ನೊಂದರಲ್ಲಿ ಹೊರಮುಖ. ನಮಗೆ ಒಂದು ಚಿಕ್ಕದಾಗಿ, ಇನ್ನೊಂದು ದೊಡ್ಡದಾಗಿ ಕಾಣುತ್ತೆ. ಮರ್ರೆ ದ್ವೀಪದವರು ಈ ಚಿತ್ರಕ್ಕೆ ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು. ಆದರೆ ಅಡ್ಡ ಗೆರೆ, ನಿಂತ ಗೆರೆ ಹೋಲಿಸುವ ಇನ್ನೊಂದು ಚಿತ್ರಕ್ಕೆ ಹೆಚ್ಚು ಮೋಸಹೋದರು. ನೀಲಗಿರಿಯ ತೋಡರಲ್ಲೂ ರಿವರ್ಸ್ ಇದೇ ಬಗೆಯ ಫಲಿತಾಂಶ ಕಂಡು, 1905ರಲ್ಲಿ ಪ್ರಕಟಿಸಿದರು.

ಅಂದ್ರೆ ಕೇಂಬ್ರಿಡ್ಜ್‌ನಲ್ಲೇ ಉಳಿದಿದ್ದರೆ ಅವರು ಬರೆಯುತ್ತಿದ್ದದ್ದು 'ಮನುಷ್ಯನ ಕಣ್ಣು ಹೀಗೆ ಮೋಸಹೋಗುತ್ತೆ' ಅಂತ. ಹೊರಗೆ ಹೋಗಿದ್ದರಿಂದ ಗೊತ್ತಾಗಿದ್ದು 'ಇಂಗ್ಲಿಷರ ಕಣ್ಣು ಹೀಗೆ ಮೋಸಹೋಗುತ್ತೆ' ಅಂತ. 60 ವರ್ಷದ ನಂತರ, 1966ರಲ್ಲಿ, ಸೀಗಲ್, ಕ್ಯಾಂಪ್‌ಬೆಲ್ ಮತ್ತು ಹರ್ಸ್‌ಕೊವಿಟ್ಸ್ ಎಂಬ ಮೂವರು ಇದೇ ಎಳೆ ಹಿಡಿದು 17 ಗುಂಪುಗಳ ಸುಮಾರು 1,900 ಜನರನ್ನು ಪರೀಕ್ಷಿಸಿದ ಪುಸ್ತಕ ತಂದರು. ಮ್ಯುಲ್ಲರ್-ಲಯರ್ ಚಿತ್ರಕ್ಕೆ ಹೆಚ್ಚು ಮೋಸಹೋದವರು ಅಮೆರಿಕದ ಇವಾನ್‌ಸ್ಟನ್ ನಗರದವರು. ಚೌಕ ಕೋಣೆ, ನೇರ ಗೋಡೆ, ಮೂಲೆಗಳ ನಡುವೆ ಬೆಳೆದ ಕಣ್ಣಿಗೆ ಈ ಭ್ರಮೆ ಹೆಚ್ಚು ಅನ್ನೋದು ಅವರ ವಿವರಣೆ. ಆ ವಿವರಣೆ ಬಗ್ಗೆ ಇವತ್ತಿಗೂ ವಾದ ಇದೆ.

ಇದಕ್ಕೆ ರಿವರ್ಸ್ ತೆತ್ತ ಬೆಲೆಯನ್ನೂ ನೋಡಬೇಕು. ಭಾಷೆ ಬರುತ್ತಿರಲಿಲ್ಲ, ದುಭಾಷಿಗಳೇ ಗತಿ. ಲೈಪ್‌ಜಿಗ್‌ನಲ್ಲಿ ಒಬ್ಬರ ಮೇಲೆ ನೂರಾರು ಸಲ ಮಾಡುತ್ತಿದ್ದ ಅಳತೆಯನ್ನು ಇಲ್ಲಿ ಬೆರಳೆಣಿಕೆಯಷ್ಟು ಸಲ ಮಾತ್ರ ಮಾಡೋಕೆ ಸಾಧ್ಯ. ಎದುರಿಗೆ ಕೂತವರು ಯಾವ ಮನಸ್ಸಿನಿಂದ ಉತ್ತರ ಕೊಡ್ತಿದ್ದಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಕಪ್ಪು ಜನರು ಬಿಳಿಯರಿಗಿಂತ ಚೆನ್ನಾಗಿ ನೋಡ್ತಾರೆ, ಕೇಳ್ತಾರೆ ಅಂತ ಕೆಲವರು ಹೇಳ್ತಾರೆ, ಅದನ್ನು ನೋಡೋಕೆ ಬಂದಿದ್ದೀವಿ, ದೊಡ್ಡ ಪುಸ್ತಕದಲ್ಲಿ ಬರೀತೀವಿ ಅಂತ ದ್ವೀಪದವರಿಗೆ ಹೇಳಿ ಹುರುಪು ತುಂಬಿದ್ದರು. ಇಂಗ್ಲೆಂಡಿನಲ್ಲಿ ಕೂತ ವಿದ್ಯಾರ್ಥಿಗೆ ಯಾರೂ ಹೀಗೆ ಹೇಳಿರಲಿಲ್ಲ. ಹೋಲಿಕೆ ಸಮ ಹೇಗಾದೀತು?

ನೀಲಗಿರಿಯಲ್ಲಿ ಬೆಲೆ ತೆತ್ತವರು ಬೇರೆಯವರು. ಗೆರೆಗಳ ಪ್ರಯೋಗದ ಜೊತೆಗೆ ತೋಡರ ಹಾಲುಮನೆಯ ಆಚರಣೆ, ಗುಟ್ಟಿನ ವಿಧಿಗಳನ್ನೆಲ್ಲ ರಿವರ್ಸ್ ಕೇಳಿ ಬರೆದುಕೊಳ್ಳತೊಡಗಿದರು. ತೋಡರಿಗೆ ಎಮ್ಮೆಯ ಹಾಲು ಬರೀ ಆಹಾರ ಅಲ್ಲ, ದೇವರ ಸಂಗತಿ. ರಿವರ್ಸ್ ಹೊರಡುವ ಮೊದಲೇ ಅನಾಹುತಗಳಾದವು. ಅವರಿಗೆ ವಿಷಯ ತಿಳಿಸಿದ ಒಬ್ಬ ಕಾಯಿಲೆ ಬಿದ್ದ. ಇನ್ನೊಬ್ಬನ ಹೆಂಡತಿ ತೀರಿಕೊಂಡಳು. ಮತ್ತೊಬ್ಬನ ಊರಿನ ಹಾಲುಮನೆಗೆ ಬೆಂಕಿ ಬಿತ್ತು. ಕಣಿ ಹೇಳುವವರು, ಗುಟ್ಟನ್ನು ಪರಕೀಯನಿಗೆ ಬಿಟ್ಟುಕೊಟ್ಟಿದ್ದಕ್ಕೆ ದೇವರು ಮುನಿದಿದ್ದಾರೆ ಅಂದರು. ಅಲ್ಲಿಂದ ಬಾಯಿಗಳು ಮುಚ್ಚಿಕೊಂಡವು. 1906ರಲ್ಲಿ ಬಂದ ತೋಡರ ಕುರಿತ ಪುಸ್ತಕದಲ್ಲಿ ರಿವರ್ಸ್ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾರೆ.

ಆಗ ತೋಡರ ಒಟ್ಟು ಸಂಖ್ಯೆ ಸುಮಾರು 800. ಅಷ್ಟು ಚಿಕ್ಕ ಸಮುದಾಯದಲ್ಲಿ ಮೂರು ಮನೆಗೆ ಅಂಟಿದ ಅಪವಾದ ಅಂದ್ರೆ ಎಷ್ಟು ದೊಡ್ಡದು, ನೀವೇ ಯೋಚನೆ ಮಾಡಿ. ಸಂಶೋಧಕ ಹಡಗು ಹತ್ತಿ ಹೋಗ್ತಾನೆ. ಮಾತಾಡಿದವರು ಅದೇ ಊರಲ್ಲಿ ಉಳೀತಾರೆ.

ಬೇಸಿಗೆ ಶಿಬಿರ

ಈಗ ಅಮೆರಿಕಕ್ಕೆ ಹೋಗೋಣ. ಎರಡನೇ ಮಹಾಯುದ್ಧ ಮುಗಿದಿದೆ. ಒಳ್ಳೆಯ ಜನರೇ ಗುಂಪು ಕಟ್ಟಿಕೊಂಡು ಇನ್ನೊಬ್ಬರನ್ನು ದ್ವೇಷಿಸೋದು ಹೇಗೆ ಅನ್ನೋದು ಎಲ್ಲರ ಪ್ರಶ್ನೆ. ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮುಜಾಫರ್ ಶೆರಿಫ್‌ಗೆ ಲ್ಯಾಬಿನೊಳಗೆ ಇದಕ್ಕೆ ಉತ್ತರ ಸಿಗಲ್ಲ ಅನ್ನಿಸಿತ್ತು. ಅರ್ಧ ಗಂಟೆ ಕೂತು ಎದ್ದು ಹೋಗುವ ಅಪರಿಚಿತರಲ್ಲಿ ದ್ವೇಷ ಎಲ್ಲಿಂದ ಬರಬೇಕು? ಗುಂಪು ಬೆಳೆಯೋಕೆ ದಿನಗಳು ಬೇಕು, ಊಟ, ನಿದ್ದೆ, ಆಟ ಬೇಕು. ಅವರು ಆರಿಸಿಕೊಂಡ ಜಾಗ ಹುಡುಗರ ಬೇಸಿಗೆ ಶಿಬಿರ.

1954ರಲ್ಲಿ ಒಕ್ಲಹೋಮಾದ ರಾಬರ್ಸ್ ಕೇವ್ ಎಂಬ ಬೆಟ್ಟದ ಉದ್ಯಾನಕ್ಕೆ ಹನ್ನೊಂದು-ಹನ್ನೆರಡು ವಯಸ್ಸಿನ 22 ಹುಡುಗರು ಬಂದರು, ಎರಡು ಗುಂಪಾಗಿ, ಬೇರೆ ಬೇರೆ ಬಸ್ಸಿನಲ್ಲಿ. ಮೊದಮೊದಲು ಒಬ್ಬರ ಇರವು ಇನ್ನೊಬ್ಬರಿಗೆ ಗೊತ್ತಿಲ್ಲ. ಆಮೇಲೆ ಪಂದ್ಯ ಇಟ್ಟರು. ಬೈಗುಳ, ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಎಲ್ಲ ಆಯಿತು. ನಂತರ ನೀರಿನ ಸರಬರಾಜು ಕೆಡುವ ಹಾಗೆ ಮಾಡಿ, ಇಬ್ಬರೂ ಸೇರಿದರೆ ಮಾತ್ರ ಮುಗಿಯುವ ಕೆಲಸಗಳನ್ನು ಕೊಟ್ಟರು. ಜಗಳ ಇಳಿಯಿತು. ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಇರುವ ಕಥೆ ಇದು.

ಅಷ್ಟಾಗಿ ಹೇಳದ ಕಥೆ ಅದರ ಹಿಂದಿನ ವರ್ಷದ್ದು. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್ ಎಂಬಲ್ಲಿ ಶೆರಿಫ್ ಇದನ್ನೇ ಮಾಡೋಕೆ ಹೋಗಿದ್ದರು. ಅಲ್ಲಿ ಹುಡುಗರು ಮೊದಲು ಒಟ್ಟಿಗೆ ಇದ್ದು ಗೆಳೆಯರಾದರು, ಆಮೇಲೆ ಅವರನ್ನು ಎರಡು ಭಾಗ ಮಾಡಲಾಯಿತು. ಜಗಳ ಹುಟ್ಟಲೇ ಇಲ್ಲ. ತಮ್ಮ ಸಾಮಾನು ಹಾಳಾದಾಗ ಎದುರು ಗುಂಪಿನ ಮೇಲೆ ಹೋಗುವ ಬದಲು, ಇದು ದೊಡ್ಡವರದ್ದೇ ಕೆಲಸ ಇರಬೇಕು ಅಂತ ಅವರು ಅನುಮಾನ ಪಟ್ಟರು. ಪ್ರಯೋಗ ಅರ್ಧಕ್ಕೇ ನಿಂತಿತು. ನನಗಂತೂ ಆ ಹುಡುಗರ ಬಗ್ಗೆ ಗೌರವ.

ಶಿಬಿರ ಕೊಟ್ಟಿದ್ದು ನಿಜವಾದ ಬದುಕು: ನಿಜವಾದ ಹಸಿವು, ನಿಜವಾದ ಸಿಟ್ಟು, ನಿಜವಾದ ಗೆಳೆತನ. ಕಸಿದುಕೊಂಡಿದ್ದು ಎರಡು. ಒಂದು, ಸಂಖ್ಯೆ. 22 ಹುಡುಗರು, ಎಲ್ಲರೂ ಬಿಳಿಯರು, ಮಧ್ಯಮ ವರ್ಗದವರು, ಪ್ರೊಟೆಸ್ಟೆಂಟರು. ಇಷ್ಟರಿಂದ ಇಡೀ ಮನುಕುಲದ ಬಗ್ಗೆ ಎಷ್ಟು ಹೇಳಬಹುದು? ಎರಡು, ಒಪ್ಪಿಗೆ. ತಾವು ಪ್ರಯೋಗದೊಳಗೆ ಇದ್ದೀವಿ ಅಂತ ಹುಡುಗರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಶಿಬಿರ ಶಿಬಿರವಾಗಿ ಉಳಿಯಲ್ಲ. ಸಹಜತೆ ಬೇಕು ಅಂದ್ರೆ ಗುಟ್ಟು ಬೇಕು, ಗುಟ್ಟು ಅಂದ್ರೆ ಮಕ್ಕಳಿಗೆ ಸುಳ್ಳು ಹೇಳಬೇಕು. ಆಗ ಈ ಲೆಕ್ಕ ಯಾರಿಗೂ ಅಷ್ಟು ಭಾರ ಅನ್ನಿಸಿರಲಿಲ್ಲ. ಕೆಲವರಿಗೆ ಸತ್ಯ ತಿಳಿದಿದ್ದು ಮುದುಕರಾದ ಮೇಲೆ.

ಯೇಲ್‌ನಿಂದ ಬ್ರಿಡ್ಜ್‌ಪೋರ್ಟ್‌ಗೆ

ಸ್ಟ್ಯಾನ್ಲಿ ಮಿಲ್‌ಗ್ರಾಮ್ ಹೆಸರು ನೀವು ಕೇಳಿರ್ತೀರಿ. 1961-62ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅವರು ಸಾಮಾನ್ಯ ಜನರನ್ನು ಕರೆದು, ಪಕ್ಕದ ಕೋಣೆಯಲ್ಲಿರುವ ಮನುಷ್ಯ ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಶಾಕ್ ಕೊಡಿ ಅಂದರು. ಶಾಕ್ ಸುಳ್ಳು, ಆ ಮನುಷ್ಯ ನಟ. ಗುಂಡಿ ಒತ್ತುವವರಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಜನ, ಅಂದ್ರೆ ನೂರಕ್ಕೆ 65, ಕೊನೆಯ 450 ವೋಲ್ಟ್‌ವರೆಗೂ ಹೋದರು. ಬಹಳ ಜನ ಬೆವರಿದರು, ನಡುಗಿದರು, ಆದರೂ ಒತ್ತಿದರು.

ಜನ ವಿಧೇಯರಾಗಿದ್ದು ಅಧಿಕಾರಕ್ಕೋ, ಯೇಲ್‌ಗೋ? ಇಷ್ಟು ದೊಡ್ಡ ಸಂಸ್ಥೆ ಕೆಟ್ಟದ್ದು ಮಾಡಿಸುತ್ತಾ ಅನ್ನೋ ಭರವಸೆಯಿಂದಲೇ ಮುಂದುವರಿದೆವು ಅಂತ ಭಾಗವಹಿಸಿದ ಕೆಲವರೇ ಹೇಳಿದ್ದರು. ಹಾಗಿದ್ದರೆ ಫಲಿತಾಂಶ ಮನುಷ್ಯನದ್ದಲ್ಲ, ಕಟ್ಟಡದ್ದು.

ಮಿಲ್‌ಗ್ರಾಮ್ ಮಾಡಿದ ಕೆಲಸ ನನಗೆ ಇಷ್ಟ. ಅವರು ಜಾಗವನ್ನೇ ಪ್ರಯೋಗಕ್ಕೆ ಇಟ್ಟರು. ಹತ್ತಿರದ ಕೈಗಾರಿಕಾ ಊರು ಬ್ರಿಡ್ಜ್‌ಪೋರ್ಟ್‌ನಲ್ಲಿ, ಪೇಟೆ ಮಧ್ಯೆ, ಸ್ವಲ್ಪ ಪಾಳುಬಿದ್ದ ಹಾಗಿದ್ದ ವಾಣಿಜ್ಯ ಕಟ್ಟಡದಲ್ಲಿ ಕಚೇರಿ ಬಾಡಿಗೆಗೆ ಹಿಡಿದರು. ಯೇಲ್ ಹೆಸರು ಎಲ್ಲೂ ಇಲ್ಲ, ಬಾಗಿಲ ಮೇಲೆ ಯಾರೂ ಕೇಳದ ಒಂದು ಸಂಸ್ಥೆಯ ಹೆಸರು. ಅಲ್ಲಿ 40ರಲ್ಲಿ 19 ಜನ ಕೊನೆವರೆಗೆ ಹೋದರು. ನೂರಕ್ಕೆ 47.5.

ಇದನ್ನು ಹೇಗೆ ಓದೋದು? ಇಳಿಕೆ ಅಂಥಾ ದೊಡ್ಡದಲ್ಲ, ಕಟ್ಟಡ ಮುಖ್ಯ ಕಾರಣ ಅಲ್ಲ ಅಂತ ಮಿಲ್‌ಗ್ರಾಮ್ ಓದಿದರು. 26ರಿಂದ 19ಕ್ಕೆ ಇಳಿದಿದೆಯಲ್ಲ, ಕಟ್ಟಡಕ್ಕೂ ಪಾಲಿದೆ ಅಂತ ಬೇರೆಯವರು ಓದಬಹುದು. ಎರಡಕ್ಕೂ ಆಧಾರ ಇರೋದು ಅವರು ಬ್ರಿಡ್ಜ್‌ಪೋರ್ಟ್‌ಗೆ ಹೋದದ್ದರಿಂದ.

ಇನ್ನೊಂದು ಮಾತು. ಯೇಲ್ ಒಳಗೇ ಅವರು ಚೆಂದದ ಲ್ಯಾಬಿನಿಂದ ನೆಲಮಾಳಿಗೆಯ ಸಾಧಾರಣ ಕೋಣೆಗೆ ಬದಲಾಯಿಸಿದಾಗಲೂ ಫಲಿತಾಂಶ 65ರಲ್ಲೇ ನಿಂತಿತ್ತು. ಆದರೆ ಶಾಕ್ ತಿನ್ನುವವನನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ 40ಕ್ಕೆ ಇಳಿಯಿತು. ಅವನ ಕೈಯನ್ನು ಹಿಡಿದು ತಟ್ಟೆಯ ಮೇಲೆ ಒತ್ತಬೇಕು ಅಂದಾಗ 30ಕ್ಕೆ ಬಂತು. ಊರು, ಕಟ್ಟಡಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ಎರಡು ಕುರ್ಚಿಗಳ ನಡುವಿನ ದೂರ. 'ಎಲ್ಲಿ' ಅನ್ನೋ ಪ್ರಶ್ನೆಗೆ ಇಷ್ಟು ಪದರ ಇರುತ್ತೆ.

ಮೈಸೂರಿನ ಉತ್ತರ

ಮನೋವಿಜ್ಞಾನಕ್ಕೂ ಮೈಸೂರಿಗೂ ಹಳೆಯ ನಂಟು. 1924ರಲ್ಲೇ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು, ದೇಶದ ಮೊದಲ ಕೆಲವೇ ವಿಭಾಗಗಳಲ್ಲಿ ಒಂದು. ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದವರೂ ಇವರೇ. ಪಾಡ್‌ಕಾಸ್ಟ್ ಮಾಡೋ ನಾವು ಅವರಿಗೆ ಒಂದು ನಮಸ್ಕಾರ ಹೇಳಲೇಬೇಕು.

1980ರ ದಶಕದಲ್ಲಿ ಮನೋವಿಜ್ಞಾನದ ಒಂದು ದೊಡ್ಡ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನವೂ ಮೈಸೂರಿನದ್ದೇ. ಇನ್ನೊಬ್ಬರ ನಡವಳಿಕೆಗೆ ಕಾರಣ ಹೇಳುವಾಗ ಮನುಷ್ಯರು ಪರಿಸ್ಥಿತಿಯನ್ನು ಮರೆತು ಸ್ವಭಾವವನ್ನೇ ದೂರುತ್ತಾರೆ, 'ಅವನೇ ಹಾಗೆ ಬಿಡಿ' ಅಂತಾರೆ ಅನ್ನೋದು ಆ ನಂಬಿಕೆ. ಮನಸ್ಸಿನ ಮೂಲಗುಣವೇ ಇದು ಅಂತ ತಿಳಿದಿದ್ದರು. ಆದರೆ ಆಧಾರವೆಲ್ಲ ಬಹುಮಟ್ಟಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳದ್ದು.

ಜೋನ್ ಮಿಲ್ಲರ್ ಎಂಬ ಸಂಶೋಧಕಿ ಶಿಕಾಗೊ ಮತ್ತು ಮೈಸೂರು, ಎರಡೂ ಕಡೆ 8, 11, 15 ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಿದರು. ನಿಮಗೆ ಗೊತ್ತಿರುವ ಯಾರಾದರೂ ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎಂಟು ವರ್ಷದ ಮಕ್ಕಳು ಎರಡೂ ಊರಲ್ಲಿ ಹೆಚ್ಚು ಕಡಿಮೆ ಒಂದೇ ಥರ. ಬೆಳೆಯುತ್ತಾ ಹೋದ ಹಾಗೆ ದಾರಿ ಕವಲೊಡೆಯಿತು. ಶಿಕಾಗೊದವರು ಸ್ವಭಾವದ ಕಡೆ ಹೋದರು, ಮೈಸೂರಿನವರು ಸಂದರ್ಭ, ಸಂಬಂಧ, ಕರ್ತವ್ಯದ ಕಡೆ.

ಅದರಲ್ಲಿ ಬರುವ ಒಂದು ಪ್ರಸಂಗ: ವಕೀಲರೊಬ್ಬರ ಮೋಟಾರ್ ಸೈಕಲ್ಲಿನ ಹಿಂದೆ ಕೂತವನು ಬಿದ್ದ. ವಕೀಲರು ಆಸ್ಪತ್ರೆಗೆ ಸೇರಿಸಿ, ಡಾಕ್ಟರನ್ನು ಸರಿಯಾಗಿ ವಿಚಾರಿಸದೆ ಕೋರ್ಟಿಗೆ ಹೋದರು. ಅವನು ತೀರಿಕೊಂಡ. ಅಮೆರಿಕದವರಿಗೆ ಇದು ವಕೀಲರ ಬೇಜವಾಬ್ದಾರಿ ಸ್ವಭಾವ. ಇಲ್ಲಿಯವರು ಹೇಳಿದ್ದು, ಕಕ್ಷಿದಾರನ ಕೆಲಸಕ್ಕೆ ಕೋರ್ಟಿಗೆ ಹೋಗಲೇಬೇಕಿತ್ತು, ಗಾಬರಿಯಲ್ಲಿ ಗಾಯ ಅಷ್ಟು ದೊಡ್ಡದು ಅನ್ನಿಸಿರಲಿಲ್ಲ. ಇದರಲ್ಲಿ ಯಾರು ಸರಿ ಅನ್ನೋದಲ್ಲ ವಿಷಯ. ಶಿಕಾಗೊದಲ್ಲಿ ಮಾತ್ರ ಕೇಳಿದ್ದರೆ ಎರಡನೇ ಉತ್ತರ ಇದೆ ಅಂತಲೇ ಗೊತ್ತಾಗ್ತಿರಲಿಲ್ಲ.

ಇಲ್ಲೂ ಬೆಲೆ ಇದೆ. ಎರಡು ನಗರಗಳ ನಡುವೆ ಸಂಸ್ಕೃತಿ ಒಂದೇ ಅಲ್ಲ, ವರ್ಗ, ಶಾಲೆ, ಧರ್ಮ ಎಲ್ಲ ಬೇರೆ. ವ್ಯತ್ಯಾಸಕ್ಕೆ ಯಾವುದು ಕಾರಣ? ಅದಕ್ಕೇ ಮಿಲ್ಲರ್ ಮೈಸೂರಿನಲ್ಲೇ ಕೆಳಮಧ್ಯಮ ವರ್ಗದವರನ್ನು, ಆಂಗ್ಲೋ-ಇಂಡಿಯನ್ನರನ್ನು ಪ್ರತ್ಯೇಕವಾಗಿ ಮಾತಾಡಿಸಿದರು. ಇಷ್ಟಾದರೂ ಮೈಸೂರು ಅಂದ್ರೆ ಭಾರತ ಅಲ್ಲ. ಪಠ್ಯಪುಸ್ತಕದಲ್ಲಿ 'ಭಾರತೀಯರು ಹೀಗೆ' ಅಂತ ಓದುವಾಗ, ಅದು ಒಂದು ಕಾಲದ ಮೈಸೂರಿನ ಕೆಲವು ಮನೆಗಳ ಮಾತು ಅಂತ ಬೀದರಿನವರೂ ಕಾರವಾರದವರೂ ನೆನಪಿಟ್ಟುಕೊಳ್ಳಬೇಕು.

ವಿಳಾಸ ಬರೆಯಿರಿ

2008ರಲ್ಲಿ ಜೆಫ್ರಿ ಆರ್ನೆಟ್ ಎಂಬವರು ಮನೋವಿಜ್ಞಾನದ ಪ್ರಮುಖ ಪತ್ರಿಕೆಗಳನ್ನು ಕೂತು ಎಣಿಸಿದರು. ಅಧ್ಯಯನಕ್ಕೆ ಒಳಗಾದವರಲ್ಲಿ ನೂರಕ್ಕೆ 96 ಜನ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರೋದು ಜಗತ್ತಿನ ಜನಸಂಖ್ಯೆಯ ನೂರಕ್ಕೆ 12 ಭಾಗ. 2010ರಲ್ಲಿ ಹೆನ್ರಿಕ್, ಹೈನೆ, ನೊರೆನ್‌ಜಯಾನ್ ಎಂಬ ಮೂವರು ಇದನ್ನೇ ಹಿಡಿದು, ಮನುಷ್ಯಸ್ವಭಾವ ಅಂತ ನಾವು ಕರೆಯೋದು ಜಗತ್ತಿನ ಒಂದು ಮೂಲೆಯ ಸ್ವಭಾವ ಅಂತ ವಾದಿಸಿದರು. ರಿವರ್ಸ್ ಚಿತ್ರಗಳು ತೋರಿಸಿ ನೂರು ವರ್ಷ ಆಗಿತ್ತು.

ಯಾಕೆ ಹೀಗಾಯಿತು? ಯಾರೂ ಪಿತೂರಿ ಮಾಡಲಿಲ್ಲ. ವಿದ್ಯಾರ್ಥಿಗಳು ಪಕ್ಕದ ಕ್ಲಾಸಲ್ಲೇ ಇದ್ದರು, ಖರ್ಚು ಕಡಿಮೆ, ಭಾಷೆ ಒಂದೇ. ಸುಲಭದ ಜಾಗ ಅಭ್ಯಾಸವಾಯಿತು, ಅಭ್ಯಾಸವೇ ವಿಜ್ಞಾನ ಆಯಿತು.

ಈಗ ನಮ್ಮ ಕೇಳುಗರ ಪ್ರಶ್ನೆಗೆ. ಲ್ಯಾಬ್ ನಿಮಗೆ ಹಿಡಿತ ಕೊಡುತ್ತೆ, ಬದುಕನ್ನು ಹೊರಗೆ ಬಿಡಿಸುತ್ತೆ. ನಿಮ್ಮ ಊರು ಬದುಕನ್ನು ಕೊಡುತ್ತೆ, ಆದರೆ ಅಲ್ಲಿ ನೀವು ಯಾರ ಮಗ, ಯಾರ ಮಗಳು ಅನ್ನೋದೂ ಉತ್ತರದೊಳಗೆ ಬಂದು ಕೂರುತ್ತೆ. ನೀವು ಹೊರಟ ಮೇಲೂ ಮಾತಾಡಿದವರು ಅಲ್ಲೇ ಇರ್ತಾರೆ, ತೋಡರನ್ನು ಮರೀಬೇಡಿ. ಫೋನಿನ ಫಾರಂ ಸಾವಿರ ಉತ್ತರ ತರುತ್ತೆ, ಆದರೆ ಫೋನ್ ಇಲ್ಲದ ಅಜ್ಜಿಯನ್ನು ತರಲ್ಲ, ತುಂಬಿದವರ ಮುಖವನ್ನೂ ತೋರಿಸಲ್ಲ.

ಬೆಲೆ ಇಲ್ಲದ ಜಾಗ ಇಲ್ಲ. ಆದ್ದರಿಂದ ಯಾವುದು ಸರಿಯಾದ ಜಾಗ ಅನ್ನೋದಕ್ಕಿಂತ, ನನ್ನ ಪ್ರಶ್ನೆಗೆ ಯಾವ ನಷ್ಟವನ್ನು ತಡೆದುಕೊಳ್ಳಬಹುದು, ಆ ನಷ್ಟವನ್ನು ಯಾರು ಹೊರುತ್ತಾರೆ ಅಂತ ಕೇಳಿಕೊಳ್ಳಿ. ಕೈಲಾದರೆ ಮಿಲ್‌ಗ್ರಾಮ್ ಥರ ಇನ್ನೊಂದು ಜಾಗದಲ್ಲೂ ಒಮ್ಮೆ ಮಾಡಿ ನೋಡಿ. ಕೊನೆಗೆ ಪ್ರಬಂಧ ಬರೆಯುವಾಗ 'ಮನುಷ್ಯರು ಹೀಗೆ' ಅಂತ ಶುರು ಮಾಡುವ ಮೊದಲು, ಯಾವ ಊರು, ಯಾವ ಕಟ್ಟಡ, ಯಾರ ಮನೆಯ ಜಗುಲಿ ಅಂತ ವಿಳಾಸ ಬರೆಯಿರಿ.

ಊಟಿಗೆ ಹೋದಾಗ ಗಾರ್ಡನ್ ಮೇಲಿನ ಗುಡ್ಡ ಒಮ್ಮೆ ಹತ್ತಿ ನೋಡಿ.